ಇಪ್ಪತ್ತನೆಯ ಹೆಸರು

ಹೋದ ವರ್ಷ ಮಾರ್ಚ್ ತಿಂಗಳ ಎರಡನೆಯ ಭಾನುವಾರ ನಮ್ಮ ಪತ್ರಿಕೆಯ ಸಾಪ್ತಾಹಿಕ ಪುರವಣಿಯಲ್ಲಿ ಕಮಲಾಪುರದ ಟೇಲರ್ ಒಬ್ಬರ ಪತ್ರ ಹನ್ನೊಂದು ಸಾಲುಗಳಲ್ಲಿ ಪ್ರಕಟವಾಯಿತು. ಅವರು ಬರೆದು ಕಳಿಸಿದ್ದು ನಾಲ್ಕು ಪುಟ. ಕತ್ತರಿಸಿದವನು ನಾನು.

ಮಂಗಳವಾರ ಬೆಳಿಗ್ಗೆ ಅವರು ಕಲಬುರಗಿಯ ನಮ್ಮ ಕಚೇರಿಗೆ ಬಂದರು. ನಾನು ಮೊದಲು ನೋಡಿದ್ದು ಅವರ ಬಲಗೈ ಹೆಬ್ಬೆರಳನ್ನು. ಕತ್ತರಿಯ ಹಿಡಿ ಮೂವತ್ತೈದು ವರ್ಷ ಒತ್ತಿದ್ದರಿಂದ ಗೆಣ್ಣಿನ ಸುತ್ತ ಚರ್ಮ ಕಪ್ಪಗೆ ಗಟ್ಟಿಯಾಗಿ, ಉಂಗುರ ತೊಟ್ಟಂತೆ ಕಾಣುತ್ತಿತ್ತು. ಆ ಹೆಬ್ಬೆರಳನ್ನು ಅವರು ಪುರವಣಿಯ ಮೇಲೆ, ತಮ್ಮ ಪತ್ರ ಮುಗಿದ ಜಾಗದಲ್ಲಿ ಒತ್ತಿ ಹಿಡಿದಿದ್ದರು. ಐವತ್ತೈದರ ಆಸುಪಾಸಿನ ವಯಸ್ಸು, ತಿಳಿ ಹಸಿರು ಸೀರೆ. ಅಳತೆ ಟೇಪು ಕೊರಳಲ್ಲೇ ಇತ್ತು. ಬಸ್ಸು ಹತ್ತುವಾಗಲೂ ಅದನ್ನು ತೆಗೆದಿರಲಿಲ್ಲ.

"ಇದರ ಕೆಳಗಿಂದು ಎಲ್ಲಿ ಹೋತ್ರಿ?" ಎಂದು ಕೇಳಿದರು.

ಜಾಗ ಇರಲಿಲ್ಲ ಎಂದೆ. ಯಾರು ಕತ್ತರಿಸಿದ್ದು ಎಂದು ಕೇಳಿದರು. ನಾನೇ ಎಂದೆ.

"ಅರಿವಿ ಕತ್ತರಿಸೂ ಮುಂದ ನಾ ಪೂರಾ ಹಾಸಿ ನೋಡ್ತೀನ್ರಿ ಸಾಹೇಬ್ರ. ನೀವು ಪೂರಾ ಓದಿದ್ರೇನು?"

ಓದಿರಲಿಲ್ಲ. ಮೊದಲ ಪುಟ ಓದಿ, ಉಳಿದ ಮೂರನ್ನು ಹಾಗೇ ಮಡಚಿ ಕಡತಕ್ಕೆ ಸೇರಿಸಿದ್ದೆ.

ಪತ್ರ ಒಂದು ವಿಜ್ಞಾನ ಕಾದಂಬರಿ ಸರಣಿಯ ಮುಕ್ತಾಯದ ಬಗ್ಗೆ. ಏಳು ವರ್ಷ, ಏಳು ಭಾಗ. ವಾರವಾರವೂ ನಮ್ಮ ಪುರವಣಿಯಲ್ಲೇ ಬಂದ ಧಾರಾವಾಹಿ ಅದು. ಒಂದೊಂದು ಭಾಗ ಮುಗಿದಂತೆ ಪುಸ್ತಕವಾಗಿಯೂ ಬರುತ್ತಿತ್ತು. ಭೂಮಿ ಬಿಟ್ಟು ಹೊರಟ ಒಂದು ನೌಕೆ. ಮೊದಲ ಭಾಗದಲ್ಲಿ ನೌಕೆಯ ಕೆಳ ಅಂತಸ್ತಿಗೆ ತೂತು ಬೀಳುತ್ತದೆ. ನಾಯಕ ನಡುವಿನ ಬಾಗಿಲು ಮುಚ್ಚಿಸುತ್ತಾನೆ. ಆಚೆ ಉಳಿದ ಹತ್ತೊಂಬತ್ತು ಕೆಲಸಗಾರರು ಗಾಳಿಯಿಲ್ಲದೆ ಸಾಯುತ್ತಾರೆ. ಆತ ಇನ್ನೂ ಏಳು ನಿಮಿಷ ಕಾಯಬಹುದಿತ್ತು ಎಂಬುದು ಎರಡನೆಯ ಭಾಗದಲ್ಲಿ ಗೊತ್ತಾಗುತ್ತದೆ. ಅದನ್ನು ಕಂಡವಳು ಒಬ್ಬಳೇ, ನೌಕೆಯವರ ಪೋಷಾಕುಗಳನ್ನು ಹೊಲಿದು ದುರಸ್ತಿ ಮಾಡುವ ಹೆಂಗಸು. ಅಲ್ಲಿಂದ ಆರನೆಯ ಭಾಗದವರೆಗೆ ಅವಳು ಸಾಕ್ಷ್ಯ ಕೂಡಿಸುತ್ತಾಳೆ. ಏಳನೆಯ ಭಾಗದಲ್ಲಿ ವಿಚಾರಣೆ ಬರುತ್ತದೆ. ಓದುಗರು ಕಾದಿದ್ದು ಆ ವಿಚಾರಣೆಗೆ.

ವಿಚಾರಣೆಯ ದಿನ ನೌಕೆಯ ಗಣಕಯಂತ್ರವೇ ಬಾಯಿ ಬಿಡುತ್ತದೆ. ಆ ಹತ್ತೊಂಬತ್ತು ಜನ ಎಂದೂ ಇರಲಿಲ್ಲ, ನಾಯಕನ ಮನಸ್ಸನ್ನು ಪರೀಕ್ಷಿಸಲು ತಾನೇ ಸೃಷ್ಟಿಸಿದ ರೂಪಗಳು ಅವು ಎನ್ನುತ್ತದೆ. ಸತ್ತವರೇ ಇಲ್ಲದ ಮೇಲೆ ಕೊಂದವನೂ ಇಲ್ಲ. ನಾಯಕ ಅಳುತ್ತಾನೆ. ಪೋಷಾಕಿನವಳು ಅವನ ಕೈ ಹಿಡಿದು ಹೊಸ ಗ್ರಹದ ನೆಲಕ್ಕೆ ಇಳಿಸುತ್ತಾಳೆ. ಮುಗಿಯಿತು.

ಮುಂದಿನ ಹದಿನೈದು ದಿನ ನಮ್ಮ ಕಚೇರಿಗೆ ಬಂದಷ್ಟು ಪತ್ರ ನಾನು ಓದುಗರ ಪುಟದ ಮೇಜಿಗೆ ಬಂದ ಮೇಲೆ ಕಂಡಿರಲಿಲ್ಲ. ಸೇಡಂ ರಸ್ತೆಯ ಕಾಲೇಜೊಂದರ ಭೌತಶಾಸ್ತ್ರದ ಉಪನ್ಯಾಸಕರೊಬ್ಬರು, ಇಷ್ಟು ಧೈರ್ಯದ ಮುಕ್ತಾಯವನ್ನು ತಾವು ಓದಿಲ್ಲ ಎಂದು ಬರೆದರು. ಶರಣಸಿರಸಗಿಯ ಓದುಗರೊಬ್ಬರು ಏಳೂ ಭಾಗ ವಾಪಸು ಕಳಿಸುತ್ತೇನೆ, ನನ್ನ ಏಳು ವರ್ಷ ವಾಪಸು ಕಳಿಸಿ ಎಂದರು. ಸೂಪರ್ ಮಾರ್ಕೆಟ್‌ನ ಬಟ್ಟೆ ವ್ಯಾಪಾರಿಯೊಬ್ಬರದು ಒಂದೇ ಸಾಲಿನ ಕಾರ್ಡು: ನಾಯಕನನ್ನು ಅದೇ ಬಾಗಿಲಿನ ಆಚೆ ನಿಲ್ಲಿಸಿ, ಏಳು ನಿಮಿಷ ಸಾಕು.

ಆ ಎರಡನೆಯ ಭಾನುವಾರದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಓದುಗರ ಪುಟಕ್ಕೆ ಅರ್ಧ ಪುಟದ ಜಾಹೀರಾತು ಬಂತು. ಆರು ಪತ್ರಗಳನ್ನು ಮೂರರ ಜಾಗಕ್ಕೆ ಹೊಂದಿಸಬೇಕಿತ್ತು. ಸುದ್ದಿಮನೆಯಲ್ಲಿ ಕಲಿಸುವ ಮೊದಲ ಪಾಠ, ಮುಖ್ಯವಾದದ್ದು ಮೇಲಿರುತ್ತದೆ, ಕತ್ತರಿ ಕೆಳಗಿನಿಂದ ಬರಬೇಕು. ಕೈಗೆ ಅದೇ ರೂಢಿ. ಟೇಲರ್ ಅವರ ಪತ್ರದ ಮೊದಲ ಹನ್ನೊಂದು ಸಾಲು ಹೀಗಿತ್ತು: ನಮ್ಮ ಅಂಗಡಿಯಲ್ಲಿ ಈ ಕತೆ ಓದದ ವಾರವಿಲ್ಲ, ಸೂಜಿ ಹಿಡಿಯುವ ಹೆಣ್ಣುಮಗಳನ್ನು ಆಕಾಶಕ್ಕೆ ಒಯ್ದ ಲೇಖಕರಿಗೆ ನಮ್ಮ ಶರಣು, ಇಂಥ ಕತೆ ಇನ್ನೊಮ್ಮೆ ಬರಲಿಕ್ಕಿಲ್ಲ. ಮೊದಲ ಪುಟದ ಕೊನೆಯದಾದ ಹನ್ನೆರಡನೆಯ ಸಾಲು "ಇನ್ನು ಕೊನೆಯ ಅಧ್ಯಾಯದ ವಿಷಯ" ಎಂದು ಶುರುವಾಗುತ್ತಿತ್ತು. ನನ್ನ ಕತ್ತರಿ ಅದರ ಮೇಲೆಯೇ ಬಿತ್ತು. "ಇನ್ನೊಮ್ಮೆ ಬಾರದ ಕತೆ" ಎಂದು ತಲೆಬರಹ ಕೊಟ್ಟೆ. ಕೆಳಗೆ ಅವರ ಪೂರ್ತಿ ಹೆಸರು, ಊರು.

ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರೇ ಬೇಡ ಎಂದಿದ್ದರು. ಕಮಲಾಪುರದಲ್ಲಿ ಎಲ್ಲರಿಗೂ ಅವರು ಟೇಲರ್ ಅಕ್ಕ.

ಅಕ್ಕ ಯಾಕೆ ಹಾಗೆ ಬರೆದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಹೊಲಿದ ಬಟ್ಟೆಯನ್ನು ತೊಡಿಸಿ ನೋಡುವಾಗ ಅವರು ಮೊದಲು ಎಲ್ಲಿ ಸರಿಯಾಗಿ ಕೂತಿದೆ ಎಂದು ಹೇಳುತ್ತಿದ್ದರು. ಆಮೇಲೆ ತಪ್ಪಿದ ಕಡೆ ಹೊಲಿಗೆ ಬಿಚ್ಚುತ್ತಿದ್ದರು. ತಮ್ಮ ಹುಡುಗಿಯರು ಹೊಲಿದದ್ದಕ್ಕೂ ಅದೇ ಕ್ರಮ, ಕಾದಂಬರಿಗೂ ಅದೇ. ಅವರ ಪತ್ರದಲ್ಲಿ ಮುಖ್ಯವಾದದ್ದು ಕೆಳಗಿತ್ತು.

ಸಂಪಾದಕರು ಅವರನ್ನು ಒಳಗೆ ಕರೆದು ಕೂರಿಸಿ, ತಿದ್ದುಪಡಿ ಹಾಕುವುದು ತಪ್ಪು ಅಚ್ಚಾದಾಗ ಮಾತ್ರ ಎಂದು ವಿವರಿಸಿದರು. ಪತ್ರಗಳನ್ನು ಸಂಕ್ಷೇಪಿಸುವ ಹಕ್ಕು ಪತ್ರಿಕೆಗಿದೆ, ಅಚ್ಚಾದ ಪ್ರತಿ ಮಾತೂ ನಿಮ್ಮದೇ ಅಲ್ಲವೇ ಎಂದು ಕೇಳಿದರು.

"ಮಾತು ನಂದೇ ಅದಾವ್ರಿ," ಎಂದರು ಅಕ್ಕ. "ಅಭಿಪ್ರಾಯ ನಂದಲ್ಲ."

ಹೊರಗೆ ಬಂದು ನನ್ನ ಮೇಜಿನ ಬಳಿ ನಿಂತರು. ಬೈಯುತ್ತಾರೆ ಎಂದುಕೊಂಡೆ. ನಿಮ್ಮ ಅಂಗಿಯ ಭುಜ ಎರಡು ಬೆರಳು ಇಳಿದಿದೆ, ಯಾರು ಹೊಲಿದದ್ದು ಎಂದು ಕೇಳಿದರು. ಎದ್ದು ನಿಲ್ಲಲು ಹೇಳಿ, ಕೊರಳಿನ ಟೇಪು ತೆಗೆದು, ಇಡೀ ಸುದ್ದಿಮನೆಯ ಎದುರು ನನ್ನ ಅಳತೆ ತೆಗೆದುಕೊಂಡರು. ಅಂಕಿಗಳನ್ನು ಅದೇ ಪುರವಣಿಯ ಅಂಚಿನಲ್ಲಿ ಬರೆದುಕೊಂಡರು. ಎರಡು ವಾರ ಬಿಟ್ಟು ಕಮಲಾಪುರಕ್ಕೆ ಬನ್ನಿ, ಒಂದು ಅಂಗಿ ಹೊಲಿದಿಟ್ಟಿರುತ್ತೇನೆ ಎಂದರು. ಅದರಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ.

ಹೋದೆ. ಬಸ್ ನಿಲ್ದಾಣದ ಹಿಂದಿನ ಓಣಿ. ಓಣಿಯ ಬಾಯಲ್ಲಿ ಕೆಂಪು ಬಾಳೆಯ ಗಾಡಿಗಳು. ಅಂಗಡಿಯಲ್ಲಿ ನಾಲ್ಕು ಯಂತ್ರ, ಮೂವರು ಹೆಣ್ಣುಮಕ್ಕಳು, ಮೂಲೆಯಲ್ಲಿ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆಯ ಗುಡ್ಡೆ. ಗೋಡೆಯ ಒಂದು ಕಡೆ ಬುದ್ಧನ ಚಿತ್ರದ ಕ್ಯಾಲೆಂಡರ್, ಇನ್ನೊಂದು ಕಡೆ ತಂತಿಗೆ ನೇತು ಹಾಕಿದ, ಬಟ್ಟೆ ಕತ್ತರಿಸಲು ಬಳಸುವ ಕಾಗದದ ಅಳತೆಗಳು: ತೋಳು, ಬೆನ್ನು, ಕೊರಳು. ಎಲ್ಲವೂ ನಮ್ಮ ಪತ್ರಿಕೆಯಿಂದ ಕತ್ತರಿಸಿದವು. ಧಾರಾವಾಹಿಯ ಪುಟಗಳನ್ನು ಮಾತ್ರ ಏಳು ವರ್ಷ ಒಂದು ಟ್ರಂಕಿನಲ್ಲಿ ಮಡಚಿಟ್ಟಿದ್ದರು.

"ಅಕ್ಕಾ, ಕತ್ರಿ ಸಾಹೇಬ್ರು ಬಂದಾರ ನೋಡು," ಎಂದಳು ಕಾಜಾ ಮಾಡುತ್ತಿದ್ದ ಹಿರಿಯ ಹೆಂಗಸು. ಅಂಗಿಗೆ ಗುಂಡಿಯ ತೂತು ಹೆಣೆಯುವುದು ಅವಳ ಕೆಲಸ, ತಲೆ ಎತ್ತದೆ ಮಾತಾಡುವುದು ಅವಳ ರೂಢಿ. "ಚಾ ತರಸ್ಲೇನು? ಪೂರಾ ಕಪ್ ಕುಡೀತಾರೋ, ಮ್ಯಾಲಿಂದಷ್ಟೇ ಕುಡೀತಾರೋ ಕೇಳು."

ಕತೆ ಓದುತ್ತಿದ್ದುದು ಸೋಮವಾರ ಸಂಜೆ. ಯಂತ್ರ ಓಡಿದರೆ ಓದು ಕೇಳುವುದಿಲ್ಲ. ಆದ್ದರಿಂದ ಕಾಜಾ, ಗುಂಡಿ, ಅಂಚಿನ ಹೊಲಿಗೆಯಂಥ ಕೈಕೆಲಸವನ್ನೆಲ್ಲ ಆ ಒಂದು ಸಂಜೆಗೆ ಉಳಿಸಿಡುತ್ತಿದ್ದರು. ಬಿ.ಎ. ಮುಗಿಸಿದ ಕಿರಿಯ ಹುಡುಗಿ ಗಟ್ಟಿಯಾಗಿ ಓದುತ್ತಿದ್ದಳು, ಉಳಿದವರು ಸೂಜಿ ಹಿಡಿದು ಕೇಳುತ್ತಿದ್ದರು.

ಕೊನೆಯ ಕಂತಿನ ಬಗ್ಗೆ ಅವರಲ್ಲಿ ಒಮ್ಮತವಿರಲಿಲ್ಲ. ಬಾಗಿಲು ತೆರೆದು ನಾಯಕನನ್ನು ಒಂದು ಸಲ ದಬ್ಬಿದ್ದರೆ ಮುಗಿಯುತ್ತಿತ್ತು, ಅದಕ್ಕೆ ಏಳು ವರ್ಷ ಬೇಕೇ ಎಂಬುದು ಕಾಜಾದ ಹೆಂಗಸಿನ ಮಾತು. ಓದುವ ಹುಡುಗಿಗೆ ಕೊಲೆ ಬೇಕಿರಲಿಲ್ಲ. ನಾಯಕ ದಿನಾ ಬೆಳಿಗ್ಗೆ ನೌಕೆಯ ಮೈಕಿನಲ್ಲಿ ಹತ್ತೊಂಬತ್ತು ಹೆಸರು ಹೇಳಬೇಕು, ಸಾಯುವವರೆಗೆ ಹೇಳಬೇಕು ಎಂದಳು. ಮೂರನೆಯವಳು ಗುಂಡಿ ಹಚ್ಚುವ ವಿಧವೆ. ಅವಳು ಹೊಸ ಗ್ರಹಕ್ಕೆ ಇಳಿಯುವ ಭಾಗ ಕೇಳಿ ಅತ್ತಿದ್ದಳು. ಅದಕ್ಕೆ ಉಳಿದಿಬ್ಬರು ಎರಡು ದಿನ ಅವಳೊಂದಿಗೆ ಮಾತು ಬಿಟ್ಟಿದ್ದರು.

"ನಂಗ ಛಲೋ ಅನಿಸ್ತು. ಏನ್ ಮಾಡ್ಲಿ?" ಎಂದಳು ಅವಳು ನನ್ನನ್ನೇ ಕೇಳುವಂತೆ.

ಅಕ್ಕ ಪತ್ರದ ಎರಡನೆಯ ಪುಟದಲ್ಲಿ ಈ ಮೂರೂ ಅಭಿಪ್ರಾಯಗಳನ್ನು ಬರೆದಿದ್ದರು. ತಮಗೆ ಒಪ್ಪಿಗೆಯಿಲ್ಲದ್ದನ್ನೂ ಬಿಟ್ಟಿರಲಿಲ್ಲ. ಆ ಪುಟವನ್ನೂ ನಾನು ಓದಿರಲಿಲ್ಲ.

ಆಮೇಲೆ ಅಂಗಿ ತಂದರು. ಸಣ್ಣ ಗೆರೆಯ ಬಿಳಿ ಬಟ್ಟೆ. ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತೆ. ಭುಜ, ತೋಳು, ಕೊರಳು ಎಲ್ಲವೂ ನಾನು ಈವರೆಗೆ ತೊಟ್ಟ ಯಾವ ಅಂಗಿಯಲ್ಲೂ ಇಷ್ಟು ಸರಿಯಾಗಿ ಕೂತಿರಲಿಲ್ಲ. ಅಂಗಿ ಹೊಕ್ಕುಳಿನ ಮೇಲೆ ಮುಗಿದಿತ್ತು. ಕೆಳಗಿನ ಎರಡು ಗುಂಡಿಗಳೇ ಇರಲಿಲ್ಲ.

"ಮ್ಯಾಲಿಂದು ನೋಡ್ರಿ," ಎಂದರು ಅಕ್ಕ ಹಿಂದೆ ನಿಂತು. "ಕಾಲರ್ ಹ್ಯಾಂಗ ಕೂತದ. ಭುಜ ಬರೋಬ್ಬರಿ. ತೋಳು ಬರೋಬ್ಬರಿ."

"ಕೆಳಗೆ?"

"ಜಾಗ ಇರಲಿಲ್ರಿ."

ಮೂವರೂ ನಗಲಿಲ್ಲ. ನಗದಿರಲು ಮೊದಲೇ ಮಾತಾಡಿಕೊಂಡಿದ್ದರು ಎಂದು ಕಾಣುತ್ತದೆ. ಅಂಗಿಯ ಕತ್ತರಿಸಿದ ಕೆಳಭಾಗ ಎಲ್ಲಿ ಎಂದು ನೋಡಿದೆ. ಬಾಗಿಲ ಪಕ್ಕದ ದೊಡ್ಡ ಮೊಳೆಯಲ್ಲಿತ್ತು. ಆ ಮೊಳೆಯ ತುಂಬ ಚೂರುಗಳು: ಹಸಿರು ರೇಷ್ಮೆಯ ತುಂಡು, ಖಾಕಿ ಅಂಚು, ಯಾರದೋ ಕುಪ್ಪಸದ ಪಟ್ಟಿ. ತಮಗೆ ಅನ್ಯಾಯ ಮಾಡಿದವರ ಬಟ್ಟೆ ಹೊಲಿಗೆಗೆ ಬಂದಾಗ ಅಕ್ಕ ಉಳಿದ ಒಂದು ಚೂರನ್ನು ಆ ಮೊಳೆಗೆ ಚುಚ್ಚಿಡುತ್ತಿದ್ದರು. ಬಟ್ಟೆಯನ್ನು ಮಾತ್ರ ತಪ್ಪಿಲ್ಲದೆ ಹೊಲಿದು ಕೊಡುತ್ತಿದ್ದರು. ಚೂರು ಇದ್ದದ್ದು ಅನ್ಯಾಯವನ್ನು ಮರೆಯದಿರಲಿಕ್ಕೆ. ಹೊಲಿಗೆಯಲ್ಲೇ ಸೇಡು ತೀರಿಸಿದ್ದು ನನ್ನ ಅಂಗಿಯಲ್ಲಿ ಮಾತ್ರ ಎಂದು ಕಾಜಾದ ಹೆಂಗಸು ಹೇಳಿದಳು. ನಾನೂ ಕತ್ತರಿಯವನು ಎಂಬುದು ಅದಕ್ಕೆ ಕಾರಣವಂತೆ.

ಚಹಾ ಮುಗಿಸುವಷ್ಟರಲ್ಲಿ ಓದುವ ಹುಡುಗಿ ಸಮವಸ್ತ್ರಗಳನ್ನು ಕಟ್ಟಲು ಕೂತಳು. ಇಪ್ಪತ್ತಕ್ಕೆ ಒಂದು ಕಟ್ಟು. ಅವಳು ಒಂದು, ಎರಡು ಎಂದು ಎಣಿಸಲಿಲ್ಲ. ಒಂದೊಂದು ಅಂಗಿ ಇಡುವಾಗ ಒಂದೊಂದು ಹೆಸರು ಹೇಳಿದಳು: ಈರ, ಮಾಬು, ರತ್ನಿ, ತಿಪ್ಪ, ಜೋಸೆಫ. ಮೊದಲ ಭಾಗದಲ್ಲಿ ಬಾಗಿಲಿನ ಆಚೆ ಸತ್ತವರ ಹೆಸರುಗಳು ಅವು, ಸತ್ತ ಕ್ರಮದಲ್ಲಿ. ಆ ಕಂತು ಬಂದ ವಾರದಿಂದ ಈ ಅಂಗಡಿಯ ಎಣಿಕೆ ಅದೇ ಆಗಿತ್ತು. ಸುಮ್ಮನೆ ಕೇಳುತ್ತಾ ಬೆರಳು ಮಡಚಿದೆ. ಹತ್ತೊಂಬತ್ತು ಮುಗಿದು ಇನ್ನೊಂದು ಹೆಸರು ಬಂತು, ಕಟ್ಟಿಗೆ ದಾರ ಬಿತ್ತು. ಆ ಹೆಸರು ಕಾದಂಬರಿಯಲ್ಲಿರಲಿಲ್ಲ. ಯಾರದು ಎಂದು ಕೇಳಿದೆ.

ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು ಹೇಳಿದರು. "ನಮ್ಮಣ್ಣ. ಕಲ್ಲಿನ ಗಣ್ಯಾಗ ಸತ್ತಾನ. ಹಾಜರಿ ಪುಸ್ತಕದಾಗ ಅವನ ಹೆಸರು ಇರಲಿಲ್ಲ. ಗುತ್ತಿಗೆದಾರ ಏನಂದಾ ಗೊತ್ತದೇನ್ರಿ? ಇಂಥ ಮನಶ್ಯಾ ನಮ್ಮ ಕಡಿ ಇರಲೇ ಇಲ್ಲ ಅಂದ."

ಅಣ್ಣ ಕಲ್ಲುಗಣಿಯಲ್ಲಿ ಸತ್ತಾಗ ಅಕ್ಕನಿಗೆ ಇಪ್ಪತ್ತು ವರ್ಷ. ಅಂಗಡಿಯ ಮೊದಲ ಯಂತ್ರ ತಂದುಕೊಟ್ಟವನು ಆ ಅಣ್ಣ. ಏಳನೆಯ ತರಗತಿ ಓದಿದ್ದ ಅವನು, ತಂಗಿ ಹೊಲಿಯುವಾಗ ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದನಂತೆ. ಅವನು ಸತ್ತ ಮೇಲೆ ಎರಡು ವರ್ಷ ಅಕ್ಕ ಕಚೇರಿಯಿಂದ ಕಚೇರಿಗೆ ಅಲೆದರು. ಪರಿಹಾರದ ಮಾತು ಬಿಡಿ, ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎಂದು ಒಂದು ಕಾಗದದಲ್ಲಿ ಬರೆಸಿಕೊಳ್ಳಲೂ ಆಗಲಿಲ್ಲ. ಮೊಳೆಯಲ್ಲಿ ಗುತ್ತಿಗೆದಾರನ ಬಟ್ಟೆಯ ಚೂರು ಯಾವುದು ಎಂದು ಕೇಳಿದೆ. ಇಲ್ಲ ಎಂದರು. ಅವನು ಒಮ್ಮೆಯೂ ಕಮಲಾಪುರದಲ್ಲಿ ಬಟ್ಟೆ ಹೊಲಿಸಲಿಲ್ಲ.

ಕಚೇರಿಗೆ ಮರಳಿ, ಕಡತದಿಂದ ಪತ್ರ ತೆಗೆದು ನಾಲ್ಕೂ ಪುಟ ಓದಿದೆ. ಕೊನೆಯ ಸಾಲುಗಳು ಇವು: "ಇರಲೇ ಇಲ್ಲ ಎನ್ನುವ ಮಾತನ್ನು ನಾವು ಮೊದಲೂ ಕೇಳಿದ್ದೇವೆ. ಅದು ವಿಜ್ಞಾನವಲ್ಲ."

ಜೂನ್ ತಿಂಗಳಲ್ಲಿ ಕೊನೆಯ ಭಾಗದ ಎರಡನೆಯ ಮುದ್ರಣ ಬಂತು. ಹಿಂಬದಿಯ ರಕ್ಷಾಪುಟದಲ್ಲಿ ದಪ್ಪಕ್ಷರದಲ್ಲಿ "ಇಂಥ ಕತೆ ಇನ್ನೊಮ್ಮೆ ಬರಲಿಕ್ಕಿಲ್ಲ" ಎಂದಿತ್ತು. ಕೆಳಗೆ ಅಕ್ಕನ ಹೆಸರು, ಕಮಲಾಪುರ. ನಮ್ಮ ಪತ್ರಿಕೆಯ ಕೃಪೆ ಎಂದೂ ಇತ್ತು. ಊರಿನಲ್ಲಿ ಸರಣಿ ಓದಿದವರು ಅಂಗಡಿಗೆ ಬಂದು ಕೇಳತೊಡಗಿದರು. ಅಣ್ಣನ ವಿಷಯ ಗೊತ್ತಿದ್ದ ಒಬ್ಬ ಹಿರಿಯರು, ನೀನೂ ಹೀಗೆ ಬರೆದೆಯಾ ಎಂದಷ್ಟೇ ಕೇಳಿ ಹೋದರಂತೆ. ಅದನ್ನು ಹೇಳುವಾಗ ಅಕ್ಕನ ದನಿ ಏರಲಿಲ್ಲ. ಕೈಯಲ್ಲಿದ್ದ ಕತ್ತರಿಯನ್ನು ಮಾತ್ರ ಎರಡು ಸಲ ಗಾಳಿಯಲ್ಲಿ ತೆರೆದು ಮುಚ್ಚಿದರು.

ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಲೇಖಕರೊಂದಿಗೆ ಓದುಗರ ಸಂವಾದ ಏರ್ಪಾಟಾಯಿತು. ರಕ್ಷಾಪುಟದ ಓದುಗರೇ ಲೇಖಕರಿಗೆ ಶಾಲು ಹೊದಿಸಲಿ ಎಂದು ಸಂಘಟಕರು ಬಯಸಿದರು. ಕೇಳಿಬರುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಕ ಒಲ್ಲೆ ಎನ್ನುತ್ತಾರೆ ಎಂದುಕೊಂಡೇ ಹೋಗಿದ್ದೆ. ಬರುತ್ತೇನೆ ಎಂದರು. ಮೂವರು ಹೆಣ್ಣುಮಕ್ಕಳಿಗೂ ಮುಂದಿನ ಸಾಲಿನಲ್ಲಿ ಜಾಗ ಬೇಕೆಂದರು. ಲೇಖಕರು ಗುತ್ತಿಗೆದಾರರಲ್ಲ, ಅವರಿಗೆ ನಿಮ್ಮಣ್ಣನ ವಿಷಯ ಗೊತ್ತೇ ಇಲ್ಲ ಎಂದೆ.

"ಅದು ನಂಗ ಗೊತ್ತದ," ಎಂದರು ಅಕ್ಕ. "ಅವ ನನ್ನ ಕೈಗಿ ನಿಲುಕಲಿಲ್ಲ. ಇವರು ನಿಲುಕತಾರ."

ಸೇಡಂ ರಸ್ತೆಯ ಸಭಾಭವನ ತುಂಬಿತ್ತು. ನಾನು ವರದಿಗೆ ಕೂತಿದ್ದೆ. ಲೇಖಕರು ದಕ್ಷಿಣದವರು, ಮೆದು ಮಾತಿನವರು. ಮುಕ್ತಾಯವನ್ನು ಒಪ್ಪದವರಿಗೂ ಕೃತಜ್ಞತೆ ಹೇಳಿದರು. ಇಬ್ಬರು ಕಾಲೇಜು ವಿದ್ಯಾರ್ಥಿಗಳು ಮುಕ್ತಾಯವನ್ನು ಸಮರ್ಥಿಸಿದರು, ನಾಲ್ವರು ವಿರೋಧಿಸಿದರು. ಲೇಖಕರು ಎಲ್ಲರಿಗೂ ಸಮಾಧಾನದಿಂದ ಉತ್ತರಿಸಿದರು. ಕೊನೆಗೆ ಸಂಘಟಕರು ಅಕ್ಕನನ್ನು ವೇದಿಕೆಗೆ ಕರೆದು, ಶಾಲು ಹೊದಿಸುವ ಮೊದಲು ಎರಡು ಮಾತು ಹೇಳಬೇಕೆಂದು ಕೋರಿದರು.

ಅಕ್ಕ ಮೈಕನ್ನು ತಮ್ಮ ಎತ್ತರಕ್ಕೆ ಇಳಿಸಿಕೊಂಡರು. ಮೊದಲು ಸರಿಯಾಗಿ ಕೂತದ್ದನ್ನು ಹೇಳುತ್ತೇನೆ ಎಂದು ಆ ಹನ್ನೊಂದು ಸಾಲುಗಳನ್ನು ಒಂದಕ್ಷರ ಬಿಡದೆ ಓದಿದರು. ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದರು.

"ಈಗ ಬಿಚ್ಚೂದು," ಎಂದರು. ಲೇಖಕರ ಕಡೆ ತಿರುಗಿದರು. "ಬಾಗಲದಾಚೆ ಸತ್ತ ಹತ್ತೊಂಬತ್ತು ಮಂದಿ ಹೆಸರು ಹೇಳ್ರಿ ಸರ್."

ಲೇಖಕರು ನಕ್ಕರು. ಅವರು ಇರಲೇ ಇಲ್ಲ ಎಂಬುದೇ ಮುಕ್ತಾಯದ ತಿರುಳು ಎಂದು ನೆನಪಿಸಿದರು.

"ಇರಲಿಲ್ಲ ಅಂತ ಆಮ್ಯಾಲೆ ಅಂದ್ರಿ. ಹೆಸರು ಮದಲೇ ಇಟ್ಟಿದ್ರಿ. ಹೇಳ್ರಿ."

ಲೇಖಕರು ಶುರು ಮಾಡಿದರು. ಈರ, ಮಾಬು, ರತ್ನಿ. ಸ್ವಲ್ಪ ತಡೆದು ಜೋಸೆಫ. ಇನ್ನೂ ಸ್ವಲ್ಪ ತಡೆದು ದ್ಯಾಮ. ಅಲ್ಲಿಗೆ ನಿಂತರು. ಬರೆದು ಏಳು ವರ್ಷವಾಯಿತು ಎಂದರು. ಸಂಘಟಕರೊಬ್ಬರು ಎದ್ದು ಮೈಕಿನ ಕಡೆ ಕೈ ಚಾಚಿದರು. ಅಕ್ಕ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಲ್ಲೇ ಕಾಜಾದ ಹೆಂಗಸು ತಲೆ ಎತ್ತದೆ ಮೊದಲಿನಿಂದ ಹೇಳತೊಡಗಿದಳು. ನಡುವೆ ಗುಂಡಿಯವಳು ಸೇರಿಕೊಂಡಳು. ಮುಕ್ತಾಯ ಮೆಚ್ಚಿ ಅತ್ತವಳು ಅವಳೇ. ಓದುವ ಹುಡುಗಿ ಎದ್ದು ನಿಂತು ಹೇಳಿದಳು. ಲೇಖಕರಿಗೆ ನೆನಪಾಗದ ತಿಪ್ಪ, ಸೈದವ್ವ, ಕರಿಯ, ಹುಸೇನಿ, ಅಂಬಿ. ಅಂಗಿಗಳ ಮೇಲೆ ಅಂಗಿ ಇಟ್ಟಂತೆ ಒಂದೇ ಲಯದಲ್ಲಿ ಸಾಗಿತು. ಹತ್ತೊಂಬತ್ತು ಮುಗಿದು, ರೂಢಿಯಂತೆ ಇಪ್ಪತ್ತನೆಯ ಹೆಸರೂ ಬಂತು.

ಲೇಖಕರು ಎಣಿಸುತ್ತಿದ್ದರು. "ಕೊನೆಯ ಹೆಸರು ನನ್ನ ಪುಸ್ತಕದಲ್ಲಿಲ್ಲ," ಎಂದರು.

"ಇಲ್ರಿ. ಯಾವ ಪುಸ್ತಕದಾಗೂ ಇಲ್ಲ. ಅದಕ್ಕೇ ಅಂವ ಇರಲೇ ಇಲ್ಲ ಅಂತ ಒಬ್ಬಾಂವ ಹೇಳಿದ್ದ. ನೀವು ಎರಡನೇದವರು."

ಶಾಲು ಹೊದಿಸುವುದು ಬಾಕಿಯಿತ್ತು. ಅಕ್ಕ ತಟ್ಟೆಯಿಂದ ಶಾಲು ಎತ್ತಿ, ಝಾಡಿಸಿ, ಲೇಖಕರ ಎರಡೂ ಭುಜಕ್ಕೆ ಸಮನಾಗಿ ಕೂಡಿಸಿದರು. ಒಂದು ಕಡೆ ಇಳಿದಿತ್ತು, ಅದನ್ನೂ ಎತ್ತಿ ಸರಿಮಾಡಿದರು. ಅಂಚಿನ ಬಳಿ ಅಕ್ಕನ ಹೆಬ್ಬೆರಳು, ತೋರುಬೆರಳು ಒಂದು ಕ್ಷಣ ನಿಂತದ್ದನ್ನು ಕಂಡೆ. ಶಾಲಿನಿಂದ ಒಂದು ಕುಚ್ಚು ಕಡಿಮೆಯಾಯಿತು.

ವರದಿಯನ್ನು ಹೇಗೆ ಬರೆಯಬೇಕು ಎಂದು ಬಸ್ಸಿನಲ್ಲೇ ನಿರ್ಧರಿಸಿದ್ದೆ. ಮೊದಲ ಪ್ಯಾರಾದಲ್ಲಿ ಇಪ್ಪತ್ತು ಹೆಸರು. ಎರಡನೆಯದರಲ್ಲಿ ಇಪ್ಪತ್ತನೆಯವನು ಯಾರು, ಎಲ್ಲಿ ಸತ್ತ ಎಂಬುದು. ಉದ್ಘಾಟಕರು, ಅಧ್ಯಕ್ಷತೆ, ಸ್ವಾಗತ, ವಂದನಾರ್ಪಣೆ ಕೊನೆಗೆ. ಇದೆಂಥ ಶುರು ಎಂದು ಪಕ್ಕದ ಮೇಜಿನವರು ಕೇಳಿದರು. ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಿ ಎಂದೆ. ಸಾಲಲಿಲ್ಲ, ಕತ್ತರಿಸಿದರು. ಉದ್ಘಾಟಕರು ಹೋದರು, ಅಧ್ಯಕ್ಷರು ಹೋದರು. ಹೆಸರುಗಳು ಉಳಿದವು. ಆ ಅಣ್ಣನ ಹೆಸರು ಅಚ್ಚಾದದ್ದು ಅದೇ ಮೊದಲು.

ಮುಂದಿನ ಭಾನುವಾರ ಕಮಲಾಪುರಕ್ಕೆ ಹೋದಾಗ ವರದಿಯ ಪುಟ ಗಾಜಿನ ಚೌಕಟ್ಟಿನಲ್ಲಿತ್ತು. ಏಳು ವರ್ಷದ ಟ್ರಂಕಿನಿಂದ ಕೊನೆಯ ಅಧ್ಯಾಯದ ಪುಟಗಳು ಹೊರಬಂದು ತಂತಿಯ ಮೇಲಿದ್ದವು, ಮೂವತ್ನಾಲ್ಕು ಅಂಗುಲದ ಅಳತೆಯ ಕುಪ್ಪಸದ ತೋಳುಗಳಾಗಿ. ನಾಯಕ ಅಳುವ ಸಾಲು ಕಂಕುಳಿನ ಹತ್ತಿರ ಬಂದಿತ್ತು. ಮೊಳೆಯಲ್ಲಿ ಶಾಲಿನ ಕುಚ್ಚು ಹೊಸದಾಗಿ ಸೇರಿತ್ತು. ನನ್ನ ಅಂಗಿಯ ಕೆಳಭಾಗದ ಪಟ್ಟಿ ಅಲ್ಲಿರಲಿಲ್ಲ.

ಅಂಗಿ ತಂದಿದ್ದೀರಾ ಎಂದು ಕೇಳಿದರು. ತಂದಿದ್ದೆ. ಪಟ್ಟಿಯನ್ನು ಕೆಳಗೆ ಕೂಡಿಸಿ, ಬಿಳಿ ಬಟ್ಟೆಯ ಮೇಲೆ ಕೆಂಪು ದಾರ ಹಾಕಿ ಹೊಲಿದರು. ಬಿಳಿ ದಾರ ಇಲ್ಲವೇ ಎಂದೆ.

"ಅದ. ಕೂಡಿಸಿದ ಜೋಡು ಕಾಣ್ಲಿ."

ನವೆಂಬರ್‌ನಲ್ಲಿ ಲೇಖಕರು ಅಕ್ಕನಿಗೆ ಕೈಬರಹದಲ್ಲಿ ಪತ್ರ ಬರೆದರು. ಆ ದಿನದಿಂದ ನಿದ್ದೆ ಸರಿಯಿಲ್ಲ ಎಂದು ಬರೆದಿದ್ದರು. ಮೊದಲ ಭಾಗದ ಮುಂದಿನ ಮುದ್ರಣದಲ್ಲಿ ಸತ್ತವರ ಪಟ್ಟಿಗೆ ನಿಮ್ಮ ಅಣ್ಣನ ಹೆಸರನ್ನೂ ಸೇರಿಸಲು ಅನುಮತಿ ಕೊಡಿ ಎಂದು ಕೇಳಿದ್ದರು. ಒಳ್ಳೆಯ ಪತ್ರ. ಗುಂಡಿಯವಳು ಕಣ್ಣೊರೆಸಿಕೊಂಡಳು. ನಾನೂ ಒಪ್ಪಿಕೊಳ್ಳಿ ಎಂದೆ.

ಅಕ್ಕ ಎರಡು ದಿನ ಬಿಟ್ಟು ಫೋನಿನಲ್ಲಿ ಉತ್ತರ ಹೇಳಿ ಬರೆಸಿದರು. ಒಂದಕ್ಷರ ಕತ್ತರಿಸದೆ ಕಾರ್ಡಿಗೆ ಇಳಿಸಿ ಅಂಚೆಗೆ ಹಾಕಿದೆ. "ನಮ್ಮಣ್ಣನ ಹೆಸರು ನಿಮ್ಮ ಪಟ್ಟಿಗೆ ಸೇರಿಸಬ್ಯಾಡ್ರಿ. ಮದಲನೇ ಪುಸ್ತಕದಾಗ ಬಂದ್ರ ಏಳನೇ ಪುಸ್ತಕದಾಗ ಅವನೂ ಇರಲಿಲ್ಲ ಅಂತಾಗ್ತದ. ಕೊನೀ ಅಧ್ಯಾಯ ಬಿಚ್ಚಿ ಹೊಲೀರಿ, ಆಮ್ಯಾಲೆ ಕೇಳ್ರಿ." ಕೆಳಗೆ ಸಹಿ ಹಾಕಬೇಕೇ ಎಂದು ಕೇಳಿದೆ. ನನ್ನ ಹೆಸರು ಇನ್ನು ಯಾರ ಕತ್ತರಿಗೂ ಸಿಗುವುದು ಬೇಡ ಎಂದರು. ಕಾರ್ಡಿಗೆ ಉತ್ತರ ಬರಲಿಲ್ಲ.

ಈ ವರ್ಷ ಫೆಬ್ರುವರಿಯಲ್ಲಿ ಅಕ್ಕ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಇದ್ದರು. ಆರನೆಯ ದಿನ ನೋಡಲು ಹೋದೆ, ಆ ಅಂಗಿಯನ್ನೇ ತೊಟ್ಟಿದ್ದೆ. ಮಾತು ಕಡಿಮೆಯಾಗಿತ್ತು. ಜೋಡು ಬಿಟ್ಟಿದೆಯೇ ತೋರಿಸಿ ಎಂದರು. ಮಂಚದ ಹತ್ತಿರ ಬಾಗಿ ಅಂಗಿಯ ಕೆಳಗಿನ ಅಂಚನ್ನು ಹಿಡಿದು ತೋರಿಸಿದೆ. ಹೆಬ್ಬೆರಳಿನಿಂದ ಕೆಂಪು ಹೊಲಿಗೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ ನೋಡಿದರು. ಬಿಟ್ಟಿಲ್ಲ ಎಂದರು. ಮೂರು ದಿನದ ನಂತರ ತೀರಿಕೊಂಡರು.

ನಮ್ಮ ಪತ್ರಿಕೆಯ ನಿಧನ ವಾರ್ತೆ ನಾಲ್ಕು ಸಾಲು. ಬರೆದವನು ನಾನು. ಮೊದಲ ಸಾಲಿನಲ್ಲಿ ಅವರ ಅಣ್ಣನ ಹೆಸರಿತ್ತು, ಇಂಥವರ ತಂಗಿ ಎಂದು.

ಹೋದ ತಿಂಗಳು ಸರಣಿಯ ಹೊಸ ಮುದ್ರಣ ಬಂದಿದೆ. ಹಿಂಬದಿಯ ರಕ್ಷಾಪುಟದಲ್ಲಿ ಅಕ್ಕನ ಸಾಲಿಲ್ಲ. ಮೊದಲ ಭಾಗದ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರುಗಳಿವೆ. ಕೊನೆಯ ಅಧ್ಯಾಯ ಬದಲಾಗಿಲ್ಲ. ಕಮಲಾಪುರದ ಅಂಗಡಿಯಲ್ಲಿ ಈಗ ಓದುವ ಹುಡುಗಿ ಕತ್ತರಿ ಹಿಡಿಯುತ್ತಾಳೆ. ಕಟ್ಟಿಗೆ ಇಪ್ಪತ್ತು ಹೆಸರು. ಶಾಲಿನ ಕುಚ್ಚು ಮೊಳೆಯಲ್ಲೇ ಇದೆ.